ಕಂಬಳಿ ಗೋದಾಮು: ಉಳಿಸಿಕೊಂಡ ಹಗ್ಗ

"ಆ ಹಳೇ ಪಟ್ಟೀನ ಕೀಳಪ್ಪ ಓಬಳೇಶ," ಎಂದೆ.

"ಯಾವ್ದು ಮೇಡಂ? ಎರಡೂ ಒಂದೇ ಥರ ಅವೆ."

"ಒಂದೇ ಥರ ಇದ್ದಿದ್ರೆ ನಾನ್ಯಾಕೆ ಬೆಳಿಗ್ಗೆಯಿಂದ ತಿಂಡೀನೂ ತಿನ್ನದೆ ಇಲ್ಲಿ ನಿಂತಿರ್ತಿದ್ದೆ? ಎಡಗಡೇದು. ಧೂಳು ಮೆತ್ಕಂಡೈತಲ್ಲ, ಅದು."

ಠಾಣೆಯ ರೈಟರ್ ಓಬಳೇಶ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪ ಗೋಡೆ ಗಡಿಯಾರ ನೋಡಿದರು. ಪಕ್ಕದ ತಗಡು ಬಿಚ್ಚಿಸಿಕೊಂಡು ಮೇಜಿನ ಮೇಲೆ ಅಡ್ಡಾಗಿದ್ದ ಕಂಪ್ಯೂಟರನ್ನು ಮಾತ್ರ ಯಾರೂ ನೋಡಲಿಲ್ಲ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಅಲ್ಲಿಂದಲೂ ಜಾರಿತ್ತು.

ಐಮಂಗಲದ ಕಂಬಳಿ ಸಂಘದ ಕಾವಲುಗಾರ ಬೀರಪ್ಪ ಗೋದಾಮಿನಲ್ಲಿ ತಲೆ ಒಡೆದು ಸತ್ತ ಭಾನುವಾರದ ಕ್ಯಾಮೆರಾ ಚಿತ್ರ ಸಂಘದ ಕಂಪ್ಯೂಟರಿನಲ್ಲಿ ಇರಬೇಕಿತ್ತು, ಇರಲಿಲ್ಲ. ಅದೇ ಭಾನುವಾರ ಮಧ್ಯಾಹ್ನ ಆ ಕಂಪ್ಯೂಟರಿಗೆ ನೆನಪಿನ ಪಟ್ಟಿ, ಅಂದರೆ ರ‍್ಯಾಮ್ ಹಾಕಲು ಹೋಗಿದ್ದ ರಿಪೇರಿಯ ಹುಡುಗ ರಂಗೇಶ್ ಈಗ ಲಾಕಪ್ಪಿನಲ್ಲಿದ್ದ. ಖಾಕಿ ಬಿಚ್ಚಿಟ್ಟು ಚಿತ್ರದುರ್ಗದಲ್ಲಿ ಖಾಸಗಿ ವಿಚಾರಣೆ ಮಾಡಿಕೊಂಡಿರುವ ಯಶೋದಾ ಎಂಬ ನನಗೆ ಈ ಕೇಸು ತಂದವಳು ಅವನ ತಾಯಿ ಯಲ್ಲಕ್ಕ. ಪೊಲೀಸ್ ಕಸ್ಟಡಿ ಮುಗಿದು ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಕೊಲೆಗೆ ಕೈಜೋಡಿಸಿದವನು ಎಂದು ಸೇರಿಸಿಬಿಟ್ಟರೆ ಆಮೇಲೆ ಬಿಡಿಸುವುದು ಹಾಳುಬಾವಿಯಿಂದ ನೀರು ಸೇದಿದ ಹಾಗೆ.

"ಯಶೋದಮ್ಮ, ಪರಿಣತರ ವರದಿ ಬಂದೈತೆ," ಎಂದರು ತಿಪ್ಪೇರುದ್ರಪ್ಪ. "ಹೊಂದಾಣಿಕೆ ಇಲ್ಲದ ರ‍್ಯಾಮ್ ಹಾಕಿದ್ರಿಂದ ಕಂಪ್ಯೂಟರ್ ನಿಂತು ನಿಂತು ಡಿಸ್ಕ್ ಹಾಳಾಗೈತೆ. ಆಮೇಲೆ ಯಾರೋ ಅದನ್ನ ಫಾರ್ಮ್ಯಾಟ್ ಮಾಡವ್ರೆ. ಬರೆದವ್ರು ಓದಿದವ್ರು."

"ಓದಿದವ್ರು ಸರಿ, ನೋಡಿದವ್ರಾ?"

ಬಾಗಿಲ ಬಳಿ ಪೇದೆಯ ಪಕ್ಕ ನಿಂತಿದ್ದ ರಂಗೇಶ್ ಬಾಯಿ ಬಿಟ್ಟ. ನಾಲ್ಕು ದಿನದ ಗಡ್ಡ, ಒಣಗಿದ ತುಟಿ.

"ಸಾರ್, ಸಂಘದ ಬೋರ್ಡು, ಪ್ರೊಸೆಸರು ಎರಡೂ ಹಳೇವು. ಅವು ತಡ್ಕಳ್ಳೋದೇ 2400ರ ವೇಗ. ನಾನು ಅದನ್ನ ನೋಡ್ಕಂಡೇ 2400ರ ರ‍್ಯಾಮ್ ತಂದಿದ್ದು. ಮೊದ್ಲೇ ಇದ್ದದ್ದೂ 2400. ಜೋಡಿ ಸರಿಯಾಗಿತ್ತು ಸಾರ್."

"ಒಳಗೆ ಸಿಕ್ಕಿರೋದು ಒಂದು 2400, ಒಂದು 3200. ಆ 3200ರ ಮೇಲೆ ಹೊಳಲ್ಕೆರೆ ಕನಕರಾಜನ ಅಂಗಡಿ ಚೀಟಿ ಐತೆ. ನೀನು ತಂದಿದ್ದೂ ಅವನ ಅಂಗಡೀಲೇ ಅಂತ ನೀನೇ ಒಪ್ಪಿದೀಯ. ಅವನೂ ರಂಗೇಶನಿಗೇ ಕೊಟ್ಟಿದ್ದು ಅಂದವ್ನೆ."

"ಅದು ನಾನು ತಂದಿದ್ದಲ್ಲ ಸಾರ್. ಅಕಸ್ಮಾತ್ ಹಾಕಿದ್ರೂ ಕಂಪ್ಯೂಟರ್ ಸಾಯಲ್ಲ. ಮಂದೆ ನಡಿಯೋದು ಕುಂಟು ಕುರಿ ಹೆಜ್ಜೇಲಿ. 2400ರ ಜತೆ 3200 ಕಟ್ಟಿದ್ರೆ ಎರಡೂ 2400ರಾಗೇ ನಡೀತವೆ, ಅಷ್ಟೇಯ."

ಕುರಿ ಹಟ್ಟಿಯಲ್ಲಿ ಹುಟ್ಟಿದವನ ಬಾಯಿಗೆ ಬೇರೆ ಮಾತು ಹೇಗೆ ಬಂದೀತು? ಅವನು ಇದೇ ಮಾತನ್ನು ನನಗೆ ಹಿಂದಿನ ದಿನ ಹೇಳಿದ್ದ. ರಾತ್ರಿಯೆಲ್ಲ ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಕುಂಟು ಕುರಿ ಮಂದೆಯನ್ನು ನಿಧಾನ ಮಾಡುತ್ತದೆ, ಸರಿ. ಹಾಗಾದರೆ ಕುಂಟು ಕುರಿಯನ್ನು ಮಂದೆಯಿಂದ ಈಚೆಗೆ ತೆಗೆದರೆ? ಉಳಿದದ್ದರ ನಿಜವಾದ ಕಾಲು ಆಗ ತಾನೇ ಗೊತ್ತಾಗುವುದು! ವಕೀಲರ ಜೀವ ತಿಂದು ಕೋರ್ಟಿನಿಂದ ಈ ಪರಿಶೀಲನೆಗೆ ಅಪ್ಪಣೆ ತರಿಸಿದ್ದೆ.

"ಕೀಳೋಕೆ ಮುಂಚೆ ಒಂದ್ಸಲ ಇದ್ದಂಗೇ ಚಾಲೂ ಮಾಡು," ಎಂದೆ ಓಬಳೇಶನಿಗೆ.

ಪರದೆ ಬೆಳಗಿತು. ರಂಗೇಶ್ ಹೇಳಿದ ಜಾಗದಲ್ಲಿ ನೋಡಿದೆವು. ರ‍್ಯಾಮ್ ವೇಗ 2400.

"ಕಂಡ್ರಾ?" ಎಂದರು ತಿಪ್ಪೇರುದ್ರಪ್ಪ. "ಸಂಘದ ಬೋರ್ಡು ಎಷ್ಟು ತಡ್ಕಳ್ಳುತ್ತೋ ಅಷ್ಟೇ ತೋರಿಸ್ತೈತೆ. ಇನ್ನೇನು ಬೇಕು ನಿಮ್ಗೆ?"

"ಈಗ ಆಫ್ ಮಾಡ್ಸಿ, ಹಳೇದನ್ನ ಕೀಳ್ಸಿ."

ಬೆಂಚಿನ ಮೇಲೆ ಕುಳಿತಿದ್ದ ಸಂಘದ ಕಾರ್ಯದರ್ಶಿ ಗೋವಿಂದಪ್ಪ ಮೆಲ್ಲಗೆ ಕೆಮ್ಮಿದರು. ಸಂಘದ ಸ್ವತ್ತು ಎಂದು ಸಾಕ್ಷಿಗೆ ಕರೆಸಿದ್ದರು ಅವರನ್ನು. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್, ಎಲ್ಲರನ್ನೂ ತಾಯಿ ತಂದೆ ಎಂದು ಕರೆಯುವ ಮೆತ್ತನೆಯ ಮಾತು. ಬಂದಾಗಿನಿಂದ ನಮಗೆಲ್ಲ ಎರಡು ಸಲ ಟೀ ತರಿಸಿದ್ದರು. "ಮಾಡಿ ಬಿಡ್ರಿ ಸಾಹೇಬ್ರೆ," ಎಂದರು. "ನಮ್ಮ ಹುಡುಗ. ತಾಯಿ ಮನಸ್ಸಿಗಾದ್ರೂ ಸಮಾಧಾನ ಆಗ್ಲಿ."

ಓಬಳೇಶ್ ಪಟ್ಟಿಯನ್ನು ಹಿಡಿದಿದ್ದ ಎರಡೂ ಕಡೆಯ ಕ್ಲಿಪ್ಪು ಒತ್ತಿ ಧೂಳಿನ ಪಟ್ಟಿಯನ್ನು ಎತ್ತಿದ. ಅಂಗೈಯಲ್ಲಿಟ್ಟುಕೊಂಡು ಮತ್ತೆ ಚಾಲೂ ಮಾಡಿದ. ಪರದೆ ಕಪ್ಪಾಗಿಯೇ ಇತ್ತು. ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು.  ಕೆಟ್ಟಿತಾ?  ಇದೊಂದು ಕೆಟ್ಟರೆ ಆ ಹುಡುಗನ ಕಥೆ ಮುಗಿಯಿತು, ಕೆಡಿಸಿದವಳು ನಾನೇ ಆಗುತ್ತೇನೆ.

ಪರದೆ ಬೆಳಗಿತು.

"ಓದಪ್ಪ," ಎಂದೆ.

"ಮೂರು ಸಾವಿರದ... ಇನ್ನೂರು." ಓಬಳೇಶ್ ಕಣ್ಣುಜ್ಜಿಕೊಂಡ. "3200 ಮೇಡಂ."

ರಂಗೇಶ್ ಪೇದೆಯನ್ನು ತಳ್ಳಿಕೊಂಡೇ ಮೇಜಿನ ಹತ್ತಿರ ಬಂದ. "ಸಾಧ್ಯನೇ ಇಲ್ಲ! ಸಂಘದ ಬೋರ್ಡು ಅಷ್ಟು ಓಡಂಗೇ ಇಲ್ಲ!" ಡಬ್ಬದೊಳಗೆ ಬಗ್ಗಿ ನೋಡಿದ. ಅವನ ಮುಖದ ಬಣ್ಣವೇ ಬದಲಾಯಿತು. "ಯಶೋದಮ್ಮ, ಇದು ಆ ಬೋರ್ಡೇ ಅಲ್ಲ. ಪ್ರೊಸೆಸರ್ ಹೆಸರು ನೋಡ್ರಿ."

ನೋಡಿದೆವು. ಡಬ್ಬದ ಮುಂದೆ ಅಂಟಿಸಿದ್ದ ಚೀಟಿಯಲ್ಲಿ ಏಳನೇ ತಲೆಮಾರಿನ ಪ್ರೊಸೆಸರ್. ಪರದೆಯ ಮೇಲೆ ಹನ್ನೆರಡನೆಯದು. ಪರಿಣತರ ವರದಿ ತಿರುವಿ ನೋಡಿದರೆ ಅಲ್ಲಿಯೂ ಏಳನೆಯದು. ಪುಣ್ಯಾತ್ಮರು ಹೊರಗಿನ ಚೀಟಿ ನೋಡಿಯೇ ಬರೆದುಕೊಂಡಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ!

"ಹಂಗಂದ್ರೇನು ತಾಯಿ?" ಗೋವಿಂದಪ್ಪ ಕೇಳಿದರು. ಟೀ ಲೋಟ ಅವರ ಕೈಯಲ್ಲೇ ಇತ್ತು.

"ಡಬ್ಬ ಸಂಘದ್ದು. ಒಳಗಿನ ಕರುಳೆಲ್ಲ ಬೇರೆ. ಬೋರ್ಡು, ಪ್ರೊಸೆಸರು ಬದಲಾದ ಮೇಲೆ ಡಿಸ್ಕೂ ಬದಲಾಗೇ ಇರ್ತೈತೆ. ಭಾನುವಾರದ ಚಿತ್ರ ಯಾರೂ ಅಳಿಸಿಲ್ಲ ಗೋವಿಂದಪ್ಪ, ಅದಿದ್ದ ಡಿಸ್ಕನ್ನೇ ಹೊತ್ಕಂಡು ಹೋಗವ್ರೆ. ಹಳೇದು ಅಂತ ಉಳಿದಿರೋದು ಇದೊಂದು ರ‍್ಯಾಮ್ ಪಟ್ಟಿ. ಹೊಸಾದನ್ನೂ ತನ್ನ ಜತೆ ಕುಂಟಿಸ್ಕಂಡು ಇಷ್ಟು ದಿನ ನಮ್ಮನ್ನ ಏಮಾರಿಸ್ತು."

ತಿಪ್ಪೇರುದ್ರಪ್ಪ ಕುರ್ಚಿಯಿಂದ ಎದ್ದರು. ಒಳ್ಳೆಯ ಪೊಲೀಸಿನವರು, ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. "ಬದಲಾಯಿಸಿದ್ದು ಇವನೇ ಅಂತ ಯಾಕಾಗಬಾರದು? ಕೆಲಸ ಗೊತ್ತಿರೋನು."

"ಕೆಲಸ ಗೊತ್ತಿರೋದ್ರಿಂದಲೇ ನಾನಲ್ಲ ಸಾರ್!" ರಂಗೇಶನ ದನಿ ಒಡೆಯಿತು. "ಹೊಸ ಬೋರ್ಡಿಗೆ 3200 ಹಾಕಿ, ಪಕ್ಕದಾಗೆ ಈ ಹಳೇದನ್ನ ಯಾವನಾದ್ರೂ ಬಿಡ್ತಾನಾ? ಕುದುರೆ ಕಾಲಿಗೆ ಗುಂಡು ಕಟ್ಟಿದಂಗೆ. ಅದನ್ನ ಬಿಟ್ಟವ್ರಿಗೆ ಏನೋ ಬ್ಯಾರೆ ಕಾರಣ ಐತೆ."

ಆ ಮಾತು ನನಗೆ ನಾಟಿತು. ಎಲ್ಲ ಬದಲಾಯಿಸಿದವರು ಇದೊಂದನ್ನು ಯಾಕೆ ಬಿಟ್ಟರು?

"ನಾಳೆ ಕೋರ್ಟಿಗೆ ಹೊರಡೋದ್ರೊಳಗೆ, ಬದಲಾಯಿಸಿದ್ದು ಇವನಲ್ಲ ಅನ್ನೋ ಒಬ್ಬ ಮನುಷ್ಯನ್ನ ಕರ್ಕಂಡು ಬರ್ರಿ," ಎಂದರು ತಿಪ್ಪೇರುದ್ರಪ್ಪ. "ಇಲ್ಲಾಂದ್ರೆ ನನ್ನ ಕಾಗದ ನಾನು ಕಳಿಸ್ತೀನಿ."

"ಹೊಳಲ್ಕೆರೆಗೆ ಹೋಗಿ ಬರ್ತೀನಿ," ಎಂದು ಬ್ಯಾಗು ಹೆಗಲಿಗೇರಿಸಿದೆ.

ಹೊರಗೆ ಬೇವಿನ ಮರದ ಕೆಳಗೆ ಯಲ್ಲಕ್ಕ ಕುಳಿತಿದ್ದಳು. ಮಡಿಲಲ್ಲಿ ಮಗನಿಗೆಂದು ತಂದ ರಾಗಿರೊಟ್ಟಿಯ ಗಂಟು. ಸಂಘದ ಆಫೀಸಿನ ಕಸ ಗುಡಿಸುವವಳು ಅವಳೇ. ಒಂದು ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ನನ್ನನ್ನು ಕಂಡದ್ದೇ ಎದ್ದು ಬಂದಳು.

"ಏನಾತು ಯಶೋದಕ್ಕ? ಬಿಡ್ತಾರಾ?"

"ಗಟ್ಟಿ ಸುಳಿವು ಸಿಕ್ಕೈತೆ ಯಲ್ಲಕ್ಕ. ಕಂಪ್ಯೂಟರ್ ಒಳಗಿಂದೆಲ್ಲ ಯಾರೋ ಬದಲಾಯಿಸವ್ರೆ. ಯಾರು ಅಂತ ಗೊತ್ತಾದ್ರೆ ನಿನ್ನ ಮಗ ಈಚೆಗೆ ಬಂದಂಗೇ."

ಅವಳು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬೀರಪ್ಪನ ಹೆಣ ಸಿಕ್ಕ ಮಂಗಳವಾರ ಇದೇ ಯಲ್ಲಕ್ಕ ಎದೆ ಎದೆ ಬಡಿದುಕೊಂಡು ಅತ್ತಿದ್ದಳಂತೆ. ಈಗ ಕಣ್ಣೀರೂ ಬತ್ತಿರಬೇಕು.

ಕೇಸು ಒಪ್ಪಿಕೊಂಡ ದಿನ ಅವಳ ಹಟ್ಟಿಗೆ ಹೋಗಿದ್ದೆ. ಒಂದೇ ಅಂಕಣದ ಮನೆ. ಗೋಡೆಯುದ್ದಕ್ಕೂ ಮೊಳೆ ಹೊಡೆದು ಹಗ್ಗಗಳನ್ನು ನೇತುಹಾಕಿದ್ದರು. ಮಾರಿದ ಎಮ್ಮೆಯದು, ಹಸುವಿನದು, ಟಗರಿನದು. ಮನೆಯಿಂದ ಜೀವ ಹೋದರೂ ಅದನ್ನು ಕಟ್ಟಿದ ಹಗ್ಗ ಕೊಡಬಾರದು, ಕೊಟ್ಟರೆ ಹಗ್ಗದ ಹಿಂದೆಯೇ ಮನೆಯ ಸಿರಿಯೂ ಹೋಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರ ನಂಬಿಕೆ. ಆದರೆ ಹೀಗೆ ಮೊಳೆ ಹೊಡೆದು ಕಾಪಾಡಿದವರನ್ನು ನಾನು ಕಂಡಿರಲಿಲ್ಲ. ಕೊನೆಯ ಮೊಳೆಯ ಹಗ್ಗದಲ್ಲಿ ಇನ್ನೂ ಟಗರಿನ ವಾಸನೆ ಇತ್ತು. ಮೊನ್ನೆ ಮಾರಿದೆ ಅಂದಿದ್ದಳು. ವಕೀಲರ ಖರ್ಚಿಗೆ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

"ಬಸ್ಸಿಗೆ ಯಾಕೆ ಕಾಯ್ತೀಯ ಯಲ್ಲಕ್ಕ?" ಹಿಂದಿನಿಂದ ಗೋವಿಂದಪ್ಪ ಬಂದರು. "ನಮ್ಮ ಜೀಪು ಆ ಕಡೇನೇ ಹೋಗೋದು. ಹಟ್ಟಿ ತಾವ ಬಿಟ್ಟು ಹೋಗ್ತೀನಿ ಬಾ, ಹೋಗಾಣ."

ಯಲ್ಲಕ್ಕ ನನ್ನ ಮುಖ ನೋಡಿದಳು. "ಹೋಗು ಹೋಗು, ಒಂದು ತುತ್ತು ಉಂಡು ಮಲಕ್ಕ," ಎಂದೆ. ಗೋವಿಂದಪ್ಪನವರಿಗೆ ಕೈಮುಗಿದೆ. "ದೊಡ್ಡ ಉಪಕಾರ ಆತು ನಿಮ್ಮಿಂದ."

"ಉಪಕಾರ ಏನು ಬಂತು ತಾಯಿ," ಎಂದರು ಅವರು, ಜೀಪಿನ ಬಾಗಿಲು ತೆಗೆದು ಅವಳನ್ನು ಕೂರಿಸುತ್ತ.

ನನ್ನ ಹಳೆಯ ಕಾರು ಚಿತ್ರದುರ್ಗ ದಾಟುವಷ್ಟರಲ್ಲಿ ಬಿಸಿಯಾಗಿ ಗೊರಗೊರ ಅನ್ನತೊಡಗಿತು. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬೇರೆ ದಿನವಾಗಿದ್ದರೆ ಗಾಡಿ ನಿಲ್ಲಿಸಿ ಒಂದು ಚಹಾ ಕುಡಿಯುತ್ತಿದ್ದೆ. ಆವತ್ತು ಸಿಗ್ನಲ್ಲಿನ ಕೆಂಪು ದೀಪಕ್ಕೂ ಬೈದೆ.

ತಲೆಯಲ್ಲಿ ಒಂದೇ ಪ್ರಶ್ನೆ. ಡಿಸ್ಕ್ ಒಂದನ್ನೇ ಬದಲಾಯಿಸಿದ್ದರೆ ಪೊಲೀಸರಿಗಿರಲಿ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಬೋರ್ಡು, ಪ್ರೊಸೆಸರು ಯಾಕೆ ತೆಗೆಯಬೇಕಿತ್ತು? ಚಿತ್ರ ಎಲ್ಲಿರುತ್ತದೆ ಎಂದು ಗೊತ್ತಿದ್ದವರು ಇಷ್ಟು ಕೆಲಸ ಮಾಡುವುದಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಮಾಡಲು ಬರುವುದಿಲ್ಲ. ಅಂದರೆ ಮಾಡಿಸಿದವರು ಒಬ್ಬರು, ಮಾಡಿದವನು ಇನ್ನೊಬ್ಬ.

ಮಾಡಿದವನ ಚೀಟಿ ಆ 3200ರ ಮೇಲೇ ಇತ್ತು.

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಕನಕರಾಜನ ಅಂಗಡಿ. ನಾನು ಹೋದಾಗ ಅವನು ಹಾಡುಹಗಲೇ ಷಟರ್ ಎಳೆಯುತ್ತಿದ್ದ. ಮೂವತ್ತರ ಆಸುಪಾಸಿನ ಆಸಾಮಿ, ಕಿವಿಯಲ್ಲಿ ಪೆನ್ನು, ಕಣ್ಣಲ್ಲಿ ನಿದ್ದೆ ಇಲ್ಲ. ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ.

"ಅಂಗಡಿ ಮುಚ್ಚೈತೆ ಮೇಡಂ. ರಾಮಗಿರಿಗೆ ಹೋಗ್ಬೇಕು, ನಾಳೆ ಬರ್ರಿ."

"ಒಂದೇ ನಿಮಿಷ ಕಣಪ್ಪ. ದುರ್ಗದಿಂದ ಬಂದೀನಿ. ನನ್ನ ತಂಗಿ ಮಗಳ ಕಂಪ್ಯೂಟರ್ ಆಮೆ ಆಗೈತೆ. 3200ರ ರ‍್ಯಾಮ್ ಒಂದು ಕೊಟ್ಟುಬಿಡು, ಹೋಗ್ತೀನಿ."

ವ್ಯಾಪಾರಿಯ ಚಾಳಿ ಎಲ್ಲಿಗೆ ಹೋಗುತ್ತದೆ! ಷಟರ್ ಅರ್ಧಕ್ಕೆ ಬಿಟ್ಟು ಒಳಗೆ ಬಂದ. "ಬೋರ್ಡ್ ಯಾವ್ದು ಮೇಡಂ? ಪ್ರೊಸೆಸರ್?"

"ಅದೆಲ್ಲ ಯಾಕೆ? ಜೋರಾಗಿ ಓಡೋದು ಕೊಡು."

"ಹಂಗೆ ಕೊಡಾಕೆ ಬರಲ್ಲ ಮೇಡಂ. ಮೊದ್ಲು ಬೋರ್ಡಿಗೆ ಯಾವ ಜಾತಿ ರ‍್ಯಾಮ್ ಕೂರುತ್ತೆ ಅಂತ ನೋಡ್ಬೇಕು. ಜಾತಿ ತಪ್ಪಿದ್ರೆ ಪಟ್ಟೀಲಿರೋ ಕಚ್ಚೇ ಬ್ಯಾರೆ, ಒಳಗೇ ಕೂರಲ್ಲ. ಕೂತ್ರೂ ಬೋರ್ಡು, ಪ್ರೊಸೆಸರು ಎಷ್ಟು ವೇಗ ತಡ್ಕಂತವೆ ನೋಡ್ಬೇಕು."

ಫೋನು ತೆಗೆದು, ತಂಗಿ ಮಗಳು ಕಳಿಸಿದ್ದನ್ನು ಓದುವವಳಂತೆ ಓದಿದೆ. ರಂಗೇಶ್ ಹೇಳಿಕೊಟ್ಟಿದ್ದ ಸಂಘದ ಹಳೆಯ ಬೋರ್ಡಿನ ಹೆಸರು, ಏಳನೇ ತಲೆಮಾರಿನ ಪ್ರೊಸೆಸರಿನ ಹೆಸರು.

ಕನಕರಾಜ್ ತಲೆ ಅಲ್ಲಾಡಿಸಿದ. "ಇದಕ್ಕೆ 3200 ಬ್ಯಾಡ ಮೇಡಂ. ಹಾಕಿದ್ರೂ ಓಡೋದು 2400ರಾಗೇ. ಸುಮ್ನೆ ದುಡ್ಡು ದಂಡ. 2400ರದ್ದೇ ಕೊಡ್ತೀನಿ ತಗಳ್ರಿ. ಗಿರಾಕಿ ಕೇಳಿದ್ರು ಅಂತ ತಪ್ಪು ಸಾಮಾನು ಕೊಟ್ಟು ಕಳ್ಸೋ ಪೈಕಿ ಅಲ್ಲ ನಾನು."

"ಭೇಷ್," ಎಂದೆ. "ಹಂಗಾದ್ರೆ ಇದೇ ಬೋರ್ಡಿಗೆ ಅಂತ ಬಂದ ರಂಗೇಶನಿಗೆ 3200 ಯಾಕೆ ಕೊಟ್ಟೆ?"

ಡಬ್ಬಿ ಹುಡುಕುತ್ತಿದ್ದ ಅವನ ಕೈ ನಿಂತಿತು.

"ಯಾವ ರಂಗೇಶ್?"

"ಗೊತ್ತಿಲ್ವಾ? ಮೊನ್ನೆ ಪೊಲೀಸರ ಮುಂದೆ ಗೊತ್ತಿತ್ತಲ್ಲ! ಕೂಸು ಹುಟ್ಟಿದಂದಿನಿಂದ ಪರಿಚಯ ಅನ್ನಂಗೆ ಹೇಳಿಕೆ ಕೊಟ್ಟಿದೀಯ. ಗುರುತು ಪರಿಚಯ ಇಲ್ಲದ ನನಗೇ ತಪ್ಪು ರ‍್ಯಾಮ್ ಮಾರಾಕೆ ನಿನ್ನ ಮನಸ್ಸು ಒಪ್ಪಲಿಲ್ಲ. ದಿನಾ ಬಂದು ಹೋಗೋ ರಂಗೇಶನಿಗೆ ಮಾರಿದ್ಯಾ? ಅವನೂ ಕಣ್ಣು ಮುಚ್ಕಂಡು ತಗಂಡು ಹೋದ್ನಾ? ಇಬ್ಬರೂ ಕಸುಬು ಬಲ್ಲೋರು. ಯಾರ ಕಿವಿಗೆ ಹೂವ ಮುಡಿಸ್ತೀಯಪ್ಪ?"

ಅವನು ಷಟರ್ ಕಡೆ ನೋಡಿದ. ನಾನು ಅಡ್ಡ ನಿಂತೆ. ವಯಸ್ಸಾಗಿದೆ ನಿಜ, ಆದರೆ ಠಾಣೆಯಲ್ಲಿ ಇದ್ದಷ್ಟು ದಿನ ಬಾಗಿಲು ಕಾಯುವುದನ್ನಾದರೂ ಕಲಿತಿದ್ದೇನೆ.

"ಆ 3200 ಕೂತಿರೋದು ಹನ್ನೆರಡನೇ ತಲೆಮಾರಿನ ಬೋರ್ಡಿನಾಗೆ. ಬೆಳಿಗ್ಗೆ ಕಣ್ಣಾರೆ ನೋಡಿ ಬಂದೆ. ಆ ಬೋರ್ಡೂ ನಿಂದೇ. ಹಾಕಿದ ಕೈಯೂ ನಿಂದೇ. ಹೌದಾ ಅಲ್ವಾ?"

"ನೀವ್ಯಾರು?"

"ರಂಗೇಶನ ಕಡೆಯವಳು. ನಾಳೆ ಅವನನ್ನ ಜೈಲಿಗೆ ಕಳಿಸ್ತಾರೆ. ನಿನ್ನ ಒಂದು ಸುಳ್ಳಿನಿಂದ."

ಕನಕರಾಜ್ ಸ್ಟೂಲಿನ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನನಗೆ ಅವನ ಮೇಲೆ ಒಂದು ಕ್ಷಣವೂ ಕರುಣೆ ಬರಲಿಲ್ಲ, ಬಂದದ್ದು ಕೆಟ್ಟ ಸಿಟ್ಟು.

"ಸೋಮವಾರ ಬೆಳಿಗ್ಗೆ ಬಂದ್ರು ಮೇಡಂ," ಎಂದ ಕೊನೆಗೆ. "ಸಂಘಕ್ಕೆ ಸೋಮವಾರ ರಜೆ. ಕಂಪ್ಯೂಟರ್ ಡಬ್ಬಾನ ಕಂಬಳಿಯಾಗೆ ಸುತ್ಕಂಡು ಬಸ್ಸಿನಾಗೆ ತಂದಿದ್ರು. ಒಳಗಿರೋದೆಲ್ಲ ತೆಗೆದು ಬ್ಯಾರೆ ಹಾಕು ಅಂದ್ರು. ಏನು ಕೆಟ್ಟೈತೆ ಅಂತ ಕೇಳ್ದೆ. ಕೇಳಬ್ಯಾಡ, ಎಲ್ಲ ಬದ್ಲಾಯ್ಸು ಅಂದ್ರು. ಹಳೇವು ನನ್ನ ಕೈಗೇ ಕೊಡು ಅಂದ್ರು. ಆಗ ನನಗೆ ಬೀರಪ್ಪ ಸತ್ತಿರೋದು ಗೊತ್ತಿಲ್ಲ. ನಿಮ್ಮಾಣೆ ಗೊತ್ತಿಲ್ಲ."

"ಗೊತ್ತಾದ ಮೇಲೆ?"

"ಬಾಯಿ ಕಟ್ಟಿಹಾಕಿ ಹೋಗಿದ್ರು. ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಇಡಿಸ್ಕಂಡ್ರು, ಬಂದಿದ್ದು ಯಾರಿಗೂ ಹೇಳಬಾರದು ಅಂತ. ಪೊಲೀಸರು ಚೀಟಿ ತೋರಿಸಿ ಯಾರಿಗೆ ಮಾರಿದೆ ಅಂದಾಗ ಏನು ಹೇಳ್ಲಿ? ರಂಗೇಶ ಆ ಶನಿವಾರ ಒಂದು ರ‍್ಯಾಮ್ ತಗಂಡು ಹೋಗಿದ್ದ. ಅವನ ಹೆಸರು ಬಾಯಿಗೆ ಬಂತು."

"ಬಂದವರ ಹೆಸರು ಹೇಳು."

"ಸತ್ರೂ ಹೇಳಲ್ಲ ಮೇಡಂ. ಭಂಡಾರದ ಆಣೆ."

"ಆ ಹಳೇ ರ‍್ಯಾಮ್ ಒಂದನ್ನ ಯಾಕೆ ಒಳಗೇ ಬಿಟ್ಟೆ? ಅದನ್ನಾದ್ರೂ ಹೇಳು. ನಿನ್ನ ಕಸುಬಿಗೇ ಅವಮಾನ ಅದು."

"ನಾನೂ ಬ್ಯಾಡ ಅಂದೆ!" ಅವನು ತಲೆಯೆತ್ತಿದ. ಆ ಗಳಿಗೆಯಲ್ಲೂ ಅವನ ಮುಖದಲ್ಲಿ ಕಸುಬಿನವನ ಸಂಕಟ ಇತ್ತು. "ಹೊಸಾದು ಇದರ ಜತೆ ಕುಂಟುತ್ತೆ ಅಂದೆ. ಕೇಳ್ಲಿಲ್ಲ. ಮನೆ ಬಿಟ್ಟು ಹೋಗೋದು ಹಗ್ಗ ಬಿಟ್ಟು ಹೋಗ್ಬೇಕು, ಎಲ್ಲಾನೂ ಒಯ್ದುಬಿಟ್ರೆ ಒಳ್ಳೇದಾಗಲ್ಲ, ಅದ್ರಾಗಿಂದು ಏನಾದ್ರೂ ಒಂದು ಅಲ್ಲೇ ಇರ್ಲಿ ಅಂದ್ರು."

ಹಗ್ಗ.

  ಒಂದೇ ಅಂಕಣದ ಮನೆ, ಗೋಡೆಯುದ್ದಕ್ಕೂ ಮೊಳೆ, ಟಗರಿನ ವಾಸನೆ ಹೋಗದ ಕೊನೆಯ ಹಗ್ಗ. ಮೊನ್ನೆ ಮಾರಿದೆ ಅಂದಿದ್ದಳು. ಮಾರಿದ್ದು ವಕೀಲರ ಖರ್ಚಿಗಲ್ಲ. ಹೊಸ ಬೋರ್ಡಿಗೆ.

ಕನಕರಾಜ್ ನನ್ನನ್ನೇ ನೋಡುತ್ತಿದ್ದ.  ಮೆಲ್ಲಗೆ ತಲೆ ತಗ್ಗಿಸಿದ.

ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಹೊಸದುರ್ಗದ ಬಸ್ಸೊಂದು ಹಾರನ್ ಮಾಡುತ್ತಲೇ ಇತ್ತು. ಅದರ ಗಾಜು ಒಡೆಯುವಷ್ಟು ಸಿಟ್ಟು ಬಂತು. ಅಯ್ಯೋ ಯಲ್ಲಕ್ಕ! ಮಗನನ್ನು ಬಿಡಿಸು ಅಂತ ನನ್ನ ಕಾಲು ಹಿಡಿದವಳು ನೀನು. ಮಗ ಒಳಗಿರುವುದೇ ನೀನು ಮಾಡಿದ್ದಕ್ಕೆ. ಅವನನ್ನು ಈಚೆಗೆ ತರಬೇಕಾದರೆ ನಾಳೆ ಬೆಳಿಗ್ಗೆ ನಿನ್ನನ್ನೇ ಹಿಡಿದುಕೊಟ್ಟು ಬರಬೇಕು. ಬೀರಪ್ಪನ ಹೆಣವನ್ನು ಒಂದು ಹಗಲು ಒಂದು ಇರುಳು ಗೋದಾಮಿನಲ್ಲಿ ಬಿಟ್ಟು, ಮಂಗಳವಾರ ಬಂದು ಎದೆ ಬಡಿದುಕೊಂಡು ಅತ್ತೆಯಾ?

ಫೋನು ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು.

"ಯಶೋದಕ್ಕ? ಸಿಕ್ಕಿದ್ರಾ? ಯಾರಂತೆ?"

"ನೀನೇ ಅಂತೆ ಯಲ್ಲಕ್ಕ."

 ಸಣ್ಣಗೆ, ತೀರಾ ಸಣ್ಣಗೆ ಹೇಳಿದಳು: "ನನ್ನ ಕೂಸನ್ನ ಉಳಿಸ್ಕಳಾಕೆ ಮಾಡ್ದೆ ಅಕ್ಕ. ಅವನು ಆ ಕ್ಯಾಮೆರಾದಾಗೆ ಅವ್ನೆ. ಬೀರಪ್ಪನ್ನ ಹೊಡೆಯೋದು ಕಾಣ್ತೈತೆ."

"ಕಾಣ್ತೈತೆ? ನೀನು ನೋಡಿದ್ಯಾ?"

"ನನಗೆಲ್ಲಿ ಅದನ್ನ ಹಚ್ಚಿ ನೋಡಾಕೆ ಬರ್ತದೆ? ಡಿಸ್ಕೋ ಗಿಸ್ಕೋ ಬದ್ಲಾಯಿಸ್ಕಂಡು ಬಾ ಅಂದ್ರು. ಯಾವ್ದ್ರಾಗೆ ಚಿತ್ರ ಇರ್ತದೋ ನನಗೇನು ಗೊತ್ತು? ಎಲ್ಲಾನೂ ತೆಗೀ ಅಂದೆ. ಹಳೇವು ತಂದು ಅವ್ರ ಕೈಗೇ ಕೊಟ್ಟೆ. ನಾನು ಬೀರಪ್ಪನ ಮಖಾನೂ ನೋಡಿಲ್ಲ ಅಕ್ಕ. ಗೋದಾಮಿನ ಕಡೆ ಹೋಗಬ್ಯಾಡ, ಆಫೀಸಿಂದ ಡಬ್ಬ ಅಷ್ಟೇ ತಗಂಡು ಹೋಗು ಅಂದಿದ್ರು."

 ಅವಳು ನೋಡಿಯೇ ಇಲ್ಲ. ಯಾರೋ ಹೇಳಿದ ಮಾತಿಗೆ ಹೆದರಿ, ಮಗ ನಿರಪರಾಧಿ ಅಂತ ಸಾರಿ ಹೇಳಬೇಕಾದ ಒಂದೇ ಒಂದು ಸಾಕ್ಷಿಯನ್ನು ತನ್ನ ಕೈಯಾರೆ ಹೊತ್ತುಕೊಂಡು ಹೋಗಿ ಕೊಟ್ಟುಬಂದಿದ್ದಾಳೆ.

"ಯಾರು ಯಲ್ಲಕ್ಕ? ಯಾರು ಹೇಳಿದ್ದು?"

"ಇಲ್ಲೇ ಅವ್ರಲ್ಲ ಅಕ್ಕ. ಟೀ ಕುಡಿದು ಹೋಗ್ರಿ ಅಂದೆ, ಕುಂತವ್ರೆ. ನೀನು ಹೊಳಲ್ಕೆರೆಯಿಂದ ಏನಂತ ಫೋನ್ ಮಾಡ್ತೀಯೋ ಕೇಳ್ಕಂಡೇ ಹೋಗ್ತೀನಿ ಅಂತ. ಕೊಡ್ಲಾ?"

"ಬ್ಯಾಡ! ಯಲ್ಲಕ್ಕ, ಫೋನ್ ಇಡಬ್ಯಾಡ, ಮನೆಯಿಂದ ಈಚೆಗೆ ಬಾ, ಈಗಲೇ, ಜನ ಇರೋ ಕಡೆ ಬಾ..."

ಆದರೆ ಫೋನು ಆಗಲೇ ಕೈ ಬದಲಾಯಿಸಿತ್ತು. ಯಾರೋ ಮೆಲ್ಲಗೆ ಕೆಮ್ಮಿದರು.

"ಕನಕರಾಜ ಸಿಕ್ಕಿದ್ನಾ ತಾಯಿ?" ಅದೇ ಮೆತ್ತನೆಯ ದನಿ. "ಪಾಪ, ಯಲ್ಲಕ್ಕನಿಗೆ ಮಗಂದೇ ಯೋಚನೆ. ಒಬ್ಬಳೇ ಕುಂತು ಏನಾದ್ರೂ ಮಾಡ್ಕಂಡಾಳು ಅಂತ ನನಗೂ ಭಯ ಐತೆ. ಇವ್ರ ಮನ್ಯಾಗೆ ಎಷ್ಟೊಂದು ಹಗ್ಗ ಅವೆ ನೋಡ್ರಿ. ನಾನು ಇವತ್ತೇ ಕಂಡಿದ್ದು."

ಫೋನು ಕಟ್ಟಾಯಿತು. ಮತ್ತೆ ಮಾಡಿದೆ. ಸ್ವಿಚ್ ಆಫ್ ಆಗಿತ್ತು.